ಕಾರ್ಡು ತಣ್ಣಗಿದ್ದ ಬೇಸಿಗೆ

ನಮ್ಮ ಮನೆಯ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಆ ಬೇಸಿಗೆಯ ರಜೆ ಪೂರ್ತಿ ಎಪ್ಪತ್ನಾಲ್ಕು ಡಿಗ್ರಿ ದಾಟಲಿಲ್ಲ. ಹೊರಗೆ ನಿಪ್ಪಾಣಿಯ ಡಾಂಬರು ಚಪ್ಪಲಿಗೆ ಅಂಟಿಕೊಂಡು ಬರುತ್ತಿತ್ತು, ನಳದ ನೀರು ಮಧ್ಯಾಹ್ನಕ್ಕೆ ಕಾಯಿಸಿದ ಹಾಗೆ ಬೀಳುತ್ತಿತ್ತು. ನನ್ನ ಕಾರ್ಡು ಮಾತ್ರ ತಣ್ಣಗಿತ್ತು. ಅದನ್ನು ತಣ್ಣಗಿಡಲು ನಾನು ಏನೇನೋ ಮಾಡಿದೆ. ಅದರಲ್ಲಿ ಒಂದು, ನಮ್ಮವ್ವನನ್ನು ಮುಂದಿನ ಕೋಣೆಯಿಂದ ಎಬ್ಬಿಸಿ ಹಿತ್ತಲಿನ ಪತ್ರಾಸಿನ ಕೆಳಗೆ ಕೂಡ್ರಿಸಿದ್ದು. ಆಕೆ ಬೀಡಿಯ ಮೊರ ಎತ್ತಿಕೊಂಡು ಹೋದಳು. ಆ ತಗಡಿನ ಕೆಳಗೆ ಆಕೆಗೆ ಏನಾಯಿತು ಅನ್ನುವುದೇ ಇಲ್ಲಿ ಹೇಳಬೇಕಾದದ್ದು.

ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವನು ನಾನೇ ಮೊದಲು. ಪಿಯುಸಿ ಸಾಯನ್ಸು, ಚಿಕ್ಕೋಡಿಯಲ್ಲಿ ಬಿ.ಎಸ್ಸಿ., ಆಮೇಲೆ ಬಿ.ಎಡ್. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕಂದರೆ ಅದು ಯಾರೂ ಕೊಟ್ಟದ್ದಲ್ಲ. ಅಪ್ಪ ತಂಬಾಕಿನ ವಖಾರಿಯಲ್ಲಿ ಚೀಲ ಹೊರುತ್ತಿದ್ದ. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ತೀರಿಹೋದ. ಉಳಿದದ್ದು ಅವ್ವನ ಹತ್ತು ಬೆರಳು. ಆ ಹತ್ತು ಬೆರಳೇ ನನ್ನನ್ನು ಓದಿಸಿದವು.

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಮನೆ ಹೇಗಿರುತ್ತದೆ ಅಂತ ನಿಪ್ಪಾಣಿಯವರಿಗೆ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಎಲೆಯನ್ನು ಹಿಂದಿನ ದಿನವೇ ನೀರಲ್ಲಿ ನೆನೆಸಿ ಹಸಿ ಗೋಣಿಯಲ್ಲಿ ಸುತ್ತಿಡಬೇಕು. ಬೆಳಿಗ್ಗೆ ಕತ್ತರಿಯಿಂದ ಒಂದೇ ಅಳತೆಗೆ ಕತ್ತರಿಸಬೇಕು. ತೊಡೆಯ ಮೇಲೆ ಮೊರ, ಮೊರದಲ್ಲಿ ಎಲೆ, ತಂಬಾಕಿನ ಪುಡಿ, ದಾರದ ಉಂಡೆ. ಚಿಟಿಕೆ ಪುಡಿ ಎಲೆಗೆ ಹಾಕಿ, ಸುತ್ತಿ, ದಾರ ಬಿಗಿದು, ಬಾಯಿ ಮಡಚಿದರೆ ಒಂದು ಬೀಡಿ. ಅಂಥವು ದಿನಕ್ಕೆ ಸಾವಿರದ ಸುತ್ತಮುತ್ತ. ಸಂಜೆ ಕಾರ್ಖಾನೆಗೆ ಒಯ್ದು ಕೊಟ್ಟರೆ ಅಲ್ಲಿಯ ಚೆಕ್ಕರ್ ಒಂದೊಂದು ಕಟ್ಟು ಹಿಡಿದು ನೋಡಿ, ಸಡಿಲಾದದ್ದನ್ನು, ಎಲೆ ಒಡೆದದ್ದನ್ನು ಬದಿಗೆ ಒಗೆಯುತ್ತಾನೆ. ಹಾಗೆ ಒಗೆದದ್ದಕ್ಕೆ ಛಾಟ ಅನ್ನುತ್ತಾರೆ. ಛಾಟ ಬಂದವಳು ಅಂದು ಸಂಜೆ ಓಣಿಯಲ್ಲಿ ತಲೆ ತಗ್ಗಿಸಿಕೊಂಡೇ ಬರಬೇಕು. ನಮ್ಮವ್ವನಿಗೆ ಛಾಟ ಬಂದದ್ದು ನಾನು ನೋಡಿರಲಿಲ್ಲ. ನಾನು ಬಿ.ಎಸ್ಸಿ. ಪಾಸಾದ ಪೇಪರು ತಂದು ತೋರಿಸಿದಾಗ ಆಕೆ ಅಂದದ್ದು ಇಷ್ಟೇ: "ನನಗೂ ಛಾಟ ಇಲ್ಲ, ನಿನಗೂ ಛಾಟ ಇಲ್ಲ."

ಇನ್ನೊಂದು ಮಾತು. ಬೀಡಿ ಕಟ್ಟುವ ಮನೆಯಲ್ಲಿ ಫ್ಯಾನು ಹಚ್ಚುವುದಿಲ್ಲ. ಗಾಳಿಗೆ ಪುಡಿ ಹಾರುತ್ತದೆ, ಎಲೆ ಒಣಗಿ ಸೀಳುತ್ತದೆ. ಎಂಥ ಸೆಕೆ ಇದ್ದರೂ ಹಾಗೇ ಕೂಡಬೇಕು. ಸಣ್ಣವನಿದ್ದಾಗ ಅದು ನನಗೆ ವಿಚಿತ್ರ ಅನಿಸಿದ್ದೇ ಇಲ್ಲ. ಮನೆ ಅಂದಮೇಲೆ ಸೆಕೆ ಇರುತ್ತದೆ, ಅವ್ವ ಅಂದಮೇಲೆ ಕೆಮ್ಮುತ್ತಾಳೆ, ಹಾಗೇ ತಿಳಿದಿದ್ದೆ.

ಬೀಡಿಯ ಬಾಯಿ ಮಡಚುವ ಕೆಲಸ ಮಕ್ಕಳದು. ಎರಡನೆಯ ಇಯತ್ತೆಯಿಂದ ನಾನು ಅದನ್ನು ಮಾಡಿದೆ. ಸಾಲಿ ಬಿಟ್ಟು ಬಂದ ಕೂಡಲೇ ಅವ್ವನ ಎದುರು ಕೂಡುವುದು. ಬಾಗಿಲ ಹೊರಗೆ ಓಣಿಯ ಹುಡುಗರು ಚಿನ್ನಿದಾಂಡು ಆಡುವುದು ಕಾಣುತ್ತಿತ್ತು. ಚಿನ್ನಿ ಒಮ್ಮೊಮ್ಮೆ ನಮ್ಮ ಹೊಸ್ತಿಲಿಗೇ ಬಂದು ಬೀಳುತ್ತಿತ್ತು. ನಾನು ಎತ್ತಿ ಒಗೆಯುತ್ತಿದ್ದೆ, ಅಷ್ಟೇ ನನ್ನ ಆಟ. "ಇನ್ನ ಇಪ್ಪತ್ತ ಅದಾವ ತಮ್ಮಾ, ಮುಗಿಸಿ ಹೋಗಂತ" ಅನ್ನುತ್ತಿದ್ದಳು ಅವ್ವ. ಇಪ್ಪತ್ತು ಮುಗಿಯುವ ಹೊತ್ತಿಗೆ ಹುಡುಗರು ಮನೆಗೆ ಹೋಗಿರುತ್ತಿದ್ದರು.

ನೌಕರಿ ಸಿಕ್ಕಿತು. ಅಂಕಲಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಿಪ್ಪಾಣಿಯಿಂದ ಚಿಕ್ಕೋಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಹೊರಡುವಾಗ ಅವ್ವ ಇಸ್ತ್ರಿ ಅಂಗಿಯ ಮೇಲೆ ತಂಬಾಕಿನ ಪುಡಿ ಕಂಡರೆ ತನ್ನ ಸೆರಗಿನಿಂದ ಝಾಡಿಸುತ್ತಿದ್ದಳು. "ಅವ್ವಾ, ಇನ್ನ ಬೀಡಿ ಬಿಡ ಬೇ" ಅಂತ ಎಷ್ಟು ಸಲ ಅಂದಿದ್ದೇನೋ. ಆಕೆಯ ಉತ್ತರ ಯಾವಾಗಲೂ ಒಂದೇ. "ಬಿಟ್ಟು ಏನ್ ಮಾಡ್ಲಿ? ನಿನ್ನ ಮಾರಿ ನೋಡ್ಕೋತ ಕುಂಡ್ರಲಿ? ನೀ ಮುಂಜಾನೆ ಹ್ವಾದ್ರ ಸಂಜಿಗೆ ಬರ್ತಿ." ಸಂಜೆ ಕಾರ್ಖಾನೆಗೆ ಹೋಗುವ ಹೆಂಗಸರ ಗುಂಪು, ದಾರಿಯ ಮಾತು, ನಗು, ಜಗಳ, ಅದೇ ಆಕೆಯ ಲೋಕವಾಗಿತ್ತು. ನಾನೂ ಜಾಸ್ತಿ ಒತ್ತಾಯ ಮಾಡಲಿಲ್ಲ.

ನೌಕರಿಯ ಮೂರನೆಯ ವರ್ಷ ಕೊಲ್ಲಾಪುರಕ್ಕೆ ಹೋಗಿ ಕಂಪ್ಯೂಟರು ಜೋಡಿಸಿಕೊಂಡು ಬಂದೆ. ಬಸ್ಸಿನಲ್ಲಿ ಮಾನಿಟರಿನ ಡಬ್ಬಿ ತೊಡೆಯ ಮೇಲೆ, ಕ್ಯಾಬಿನೆಟ್ಟು ಕಾಲಿನ ನಡುವೆ. ಸ್ಟಾಫ್ ರೂಮಿನಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಲು ಅಂತ ಹೇಳಿದೆ. ಪ್ರಶ್ನೆಪತ್ರಿಕೆಗೆ ಗ್ರಾಫಿಕ್ಸ್ ಕಾರ್ಡು ಬೇಕಾಗುವುದಿಲ್ಲ. ಅದನ್ನು ಹಾಕಿಸಿದ್ದು ಆಟಕ್ಕೆ. ಇಪ್ಪತ್ತೆಂಟರ ಮಾಸ್ತರ ಆಟಕ್ಕಾಗಿ ಮಷೀನು ತಂದ ಅಂದರೆ ಜನ ನಗುತ್ತಾರೆ ಅಂತ ಯಾರಿಗೂ ಹೇಳಲಿಲ್ಲ. ಅವ್ವನಿಗೆ ಮಾತ್ರ ಗೊತ್ತಿತ್ತು.

ನಮ್ಮದು ಉದ್ದನೆಯ ಮನೆ. ಮುಂದೆ ಸ್ಲ್ಯಾಬಿನ ಕೋಣೆ, ನಡುವೆ ಅಡಿಗೆಮನೆ, ಹಿಂದೆ ಹಿತ್ತಲು, ಹಿತ್ತಲಲ್ಲಿ ಕಟ್ಟಿಗೆ ಇಡಲು ಹಾಕಿದ ಪತ್ರಾಸಿನ ಇಳಿಜಾರು ಛಾವಣಿ. ಮುಂದಿನ ಕೋಣೆಯಲ್ಲಿ ಒಂದು ಗೋಡೆಗೆ ಕಂಪ್ಯೂಟರು, ಎದುರಿನ ಗೋಡೆಗೆ ಒರಗಿ ಅವ್ವ, ಆಕೆಯ ಮೊರ. ರವಿವಾರ ನಾನು ಕಾರು ಓಡಿಸುವ ಆಟ ಹಚ್ಚಿದರೆ ಆಕೆ ಕೈ ನಿಲ್ಲಿಸದೆ ನೋಡುತ್ತಿದ್ದಳು.

"ಯಾವ ಊರಪಾ ಅದು?"

"ಊರಲ್ಲ ಬೇ. ಸುಳ್ಳಸುಳ್ಳ ಮಾಡ್ಯಾರ."

"ಸುಳ್ಳಾದ್ರೂ ರಸ್ತಾ ಛಲೋ ಅದಾವಲ್ಲ. ನಮ್ಮ ರಸ್ತಾ ಖರೇ ಇದ್ದು ಏನ್ ಮಾಡಿದ್ವು?"

ನಾನು ಗೋಡೆಗೆ ಗುದ್ದಿದರೆ ಆಕೆ "ಅಯ್ಯ ಸತ್ತಿ!" ಅಂದು ನಗುತ್ತಿದ್ದಳು. ಒಂದು ರವಿವಾರ ನಾನು ತಾಸುಗಟ್ಟಲೆ ಆಡಿ ಏಳುವಾಗ, ಇಷ್ಟು ಹೊತ್ತು ಕೂತೆನಲ್ಲ ಅಂತ ನಾಚಿಕೆಯಾಗಿ ಏನೋ ಅಂದೆ. ಅವ್ವ ಮೊರದಿಂದ ತಲೆ ಎತ್ತದೆ ಅಂದಳು: "ಆಡು. ಸಣ್ಣಾಂವ ಇದ್ದಾಗ ನಾ ಆಡಾಕ ಬಿಡಲಿಲ್ಲ ನಿನ್ನ." ಅದನ್ನು ಆಕೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆ ಅಂತಲೇ ನನಗೆ ಗೊತ್ತಿರಲಿಲ್ಲ.

ಮಷೀನು ತಂದ ಎರಡನೆಯ ವರ್ಷದ ಮಾರ್ಚ್ ತಿಂಗಳಲ್ಲಿ ಆಟ ತಡವರಿಸತೊಡಗಿತು. ಕಾರು ಹೋಗುತ್ತ ಹೋಗುತ್ತ ಗಕ್ಕನೆ ನಿಲ್ಲುವುದು, ಮತ್ತೆ ಜಿಗಿಯುವುದು. ಆಮೇಲೆ ಪರದೆ ಕಪ್ಪಾಗಿ ಮಷೀನೇ ಬಂದ್. ಕೊಲ್ಲಾಪುರದ ಅಂಗಡಿಯವನಿಗೆ ಫೋನು ಹಚ್ಚಿದೆ. ಆತ ಮರಾಠಿಯಲ್ಲಿ "ಸರ್, ಆಧೀ ಟೆಂಪರೇಚರ್ ಬಘಾ" ಅಂದ, ಅಂದರೆ ಮೊದಲು ಕಾವು ನೋಡಿ ಅಂತ. ಕಾವು ತೋರಿಸುವ ಒಂದು ಪುಕ್ಕಟೆ ಸಾಫ್ಟ್‌ವೇರ್ ಹೇಳಿಕೊಟ್ಟ. ಹಾಕಿ ನೋಡಿದರೆ ಆಟ ಶುರುವಾದ ಹತ್ತು ನಿಮಿಷಕ್ಕೆ ಗ್ರಾಫಿಕ್ಸ್ ಕಾರ್ಡಿನ ಕಾವು ತೊಂಬತ್ತಮೂರು. ಇನ್ನೊಂದು ಹತ್ತು ನಿಮಿಷಕ್ಕೆ ತೊಂಬತ್ತೇಳು.

ನಾನು ಸಾಯನ್ಸಿನವನು. ಅಂಕಿ ಕಂಡರೆ ಅದರ ಬೆನ್ನು ಹತ್ತುವವನು. ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದೆಲ್ಲ ಓದಿದೆ. ಡಿಕ್ಷನರಿ ಬದಿಗಿಟ್ಟುಕೊಂಡು ಇಂಗ್ಲಿಷ್ ಚರ್ಚೆಗಳನ್ನು ಓದಿದೆ. ಓದಿದ್ದರ ಸಾರ ಒಂದು ಹಾಳೆಯ ಮೇಲೆ ಕಪ್ಪುಹಲಗೆಯ ಅಕ್ಷರದಂತೆ ದುಂಡಗೆ ಬರೆದು, ಬುದ್ಧನ ಫೋಟೋದ ಕೆಳಗೆ ಅಂಟಿಸಿದೆ. ಸುಮ್ಮನಿದ್ದಾಗ ನಲವತ್ತರ ಆಜುಬಾಜು. ಆಟ ಆಡುವಾಗ ಅರವತ್ತೈದರಿಂದ ಎಂಬತ್ತು, ಚಿಂತೆ ಇಲ್ಲ. ಎಂಬತ್ತೈದಾದರೆ ಧೂಳು ನೋಡು, ಗಾಳಿ ನೋಡು. ತೊಂಬತ್ತಾದರೆ ಆಟ ನಿಲ್ಲಿಸು. ಅದರ ಮೇಲೆ ಹೋದರೆ ಕಾರ್ಡು ಮೊದಲು ತಾನೇ ನಿಧಾನವಾಗುತ್ತದೆ, ಇನ್ನೂ ಕಾದರೆ ಸುಟ್ಟುಹೋಗುವ ಮೊದಲು ತಾನೇ ಬಂದಾಗುತ್ತದೆ. ಹಾಗೆ ಮಾಡಿ ಇಟ್ಟಿದ್ದಾರೆ. ಇದನ್ನು ಓದಿ ನನಗೆ ಬಹಳ ಮೆಚ್ಚುಗೆಯಾಯಿತು. ಒಂಬತ್ತನೆಯ ತರಗತಿಗೆ ಉಷ್ಣದ ಪಾಠ ಮಾಡುವಾಗ ಉದಾಹರಣೆಗೆ ಇದನ್ನೇ ಹೇಳಿದೆ.

ಕ್ಯಾಬಿನೆಟ್ಟಿನ ಒಂದು ಬದಿಯ ತಗಡು ತೆಗೆದು, ಎದುರಿಗೆ ಟೇಬಲ್ ಫ್ಯಾನು ಇಟ್ಟೆ. ಚರ್ಚೆಗಳಲ್ಲಿ ಎಲ್ಲರೂ ಅದನ್ನೇ ಹೇಳಿದ್ದರು. ಫ್ಯಾನು ಎಲ್ಲಿ ಇಟ್ಟೆ? ಕೋಣೆಯ ನಡುವೆ, ಅವ್ವನಿಗೆ ಬೆನ್ನು, ಮಷೀನಿಗೆ ಮುಖ. ಮೊದಲ ದಿನ ಎಂಬತ್ತೆಂಟಕ್ಕೆ ಇಳಿಯಿತು. ಒಂದು ವಾರಕ್ಕೆ ಮತ್ತೆ ತೊಂಬತ್ತೈದು. ಅವ್ವ ಮೊರದ ಮೇಲೆ ಒದ್ದೆ ಬಟ್ಟೆ ಹೊದಿಸಿಕೊಂಡು ಅದರ ಕೆಳಗೆ ಕೈ ಹಾಕಿ ಕಟ್ಟುತ್ತಿದ್ದಳು.

"ನಿನ್ನ ಮಷೀನಿಗೆ ಗಾಳಿ, ನನಗ ಧೂಳಿ," ಅಂದಳು ಒಮ್ಮೆ.

"ಸ್ವಲ್ಪ ದಿನ ಬೇ. ಕಾರಣ ಸಿಕ್ಕ ಕೂಡ್ಲೇ ತೆಗೀತೀನಿ."

ಕಾರಣ ಸಿಗಲಿಲ್ಲ ಅಂತ ಕಾರ್ಡನ್ನೇ ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ ಕೊಲ್ಲಾಪುರಕ್ಕೆ ಒಯ್ದೆ. ಅಂಗಡಿಯವನು ಅದರ ಪುಟ್ಟ ಫ್ಯಾನು ತೆಗೆದ. ಅಡಿಯಲ್ಲಿ ಅಲ್ಯೂಮಿನಿಯಮ್ಮಿನ ತೆಳು ಪಟ್ಟಿಗಳ ಸಾಲು ಇರುತ್ತದೆ, ಅವುಗಳ ನಡುವೆ ಗಾಳಿ ಆಡಿ ಕಾವು ಹೊರಗೆ ಹೋಗಬೇಕು. ಪಟ್ಟಿಗಳು ಕಾಣುತ್ತಲೇ ಇರಲಿಲ್ಲ. ಕಂದು ಬಣ್ಣದ ಕಂಬಳಿಯಂಥದ್ದು ಅವುಗಳ ಮೇಲೆ ಹಾಸಿಕೊಂಡಿತ್ತು. ಆತ ಉಗುರಿನಿಂದ ಒಂದು ಚೂರು ಎತ್ತಿ ಮೂಸಿ, ಎರಡು ಸಲ ಸೀನಿದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

"ಸರ್, ಕಾರ್ಡಾಲಾ ತಂಬಾಕೂಚಂ ವ್ಯಸನ ಲಾಗಲಂಯ!" ಅಂದ. ನಿಮ್ಮ ಕಾರ್ಡಿಗೆ ತಂಬಾಕಿನ ಚಟ ಹತ್ತಿದೆ.

ನಾನೂ ನಕ್ಕೆ. ಬ್ರಶ್ಶಿನಿಂದ ಕೆರೆದು ಕಾಗದದ ಮೇಲೆ ಹಾಕಿದರೆ ಒಂದು ಹಿಡಿ ಆಯಿತು. ಒಂದೂವರೆ ವರ್ಷದ ಧೂಳು. ಆ ಒಂದು ಹಿಡಿಯನ್ನು ನೋಡುತ್ತ ನಾನು ಯೋಚಿಸಿದ್ದು, ಇಷ್ಟು ಧೂಳಿಗೆ ಎಷ್ಟು ಡಿಗ್ರಿ ಏರಿರಬಹುದು ಅಂತ. ಅದೇ ಕೋಣೆಯಲ್ಲಿ ಮೂವತ್ತು ವರ್ಷದಿಂದ ಉಸಿರಾಡುತ್ತಿರುವ ಇನ್ನೊಬ್ಬರು ಇದ್ದಾರೆ ಅನ್ನುವುದು ತಲೆಗೆ ಹೊಳೆಯಲಿಲ್ಲ. ಬಿ.ಎಸ್ಸಿ. ಓದಿದ ತಲೆ. ಹೊಳೆಯಲಿಲ್ಲ. ಬಸ್ಸಿನಲ್ಲಿ ಬರುವಾಗ, ಬೀಡಿ ಬೇರೆ ಕಡೆ, ಮಷೀನು ಬೇರೆ ಕಡೆ ಇರಬೇಕು ಅಂತ ನಿಶ್ಚಯ ಮಾಡಿದೆ.

ಮಷೀನನ್ನು ಬೇರೆ ಕಡೆ ಇಡಬಹುದಿತ್ತು. ಎಲ್ಲಿ ಇಡುವುದು, ಹಿತ್ತಲಲ್ಲಿ ಕಾವು ಜಾಸ್ತಿ. ಇದು ನಾನೇ ಅವ್ವನಿಗೆ ಹೇಳಿದ ಮಾತು.

"ಅವ್ವಾ, ನಿನ್ನ ತಂಬಾಕಿನ ಧೂಳಿ ಮಷೀನಿನ್ಯಾಗ ಹೊಂಟೈತಿ. ಮಷೀನ ಹಿತ್ತಲಕ್ಕ ಇಡಾಕ ಬರಂಗಿಲ್ಲ, ಅಲ್ಲಿ ಕಾವು ಭಾಳ."

ಅವ್ವ ದಾರ ಹಲ್ಲಿಂದ ಕಡಿದು ನನ್ನ ಮುಖ ನೋಡಿದಳು. "ಹಂಗಾರ ನಾ ಹೋಗ್ಲಿ?"

"ಮಳಿಗಾಲತನಕ. ಇಲ್ಲಾ ಬೀಡಿ ಬಿಟ್ಟಬಿಡು. ನಾ ಯಾವಾಗಿಂದ ಹೇಳಾಕತ್ತೀನಿ."

"ಬಿಡಂಗಿಲ್ಲ ಬಿಡು. ಹಿತ್ತಲದಾಗ ಗಾಳಿನೂ ಬರತೈತಿ. ನೀ ಆಡು ನಿನ್ನ ಆಟ."

ಮೊರ, ಗೋಣಿ, ಕತ್ತರಿ, ನೀರಿನ ತಂಬಿಗೆ ಎಲ್ಲ ತಾನೇ ಒಯ್ದಳು. ನಾನು ಚಾಪೆ ಒಯ್ದು ಹಾಸಿಕೊಟ್ಟೆ. ಪಕ್ಕದ ಮನೆಯ ಮಾವಶಿ ಗೋಡೆಯ ಆಚೆಯಿಂದ ಇಣುಕಿ ನೋಡಿದಳು. ಆಕೆ ಮರಾಠಿಯವಳು, ಅವ್ವನ ಜೊತೆಗೇ ಕಾರ್ಖಾನೆಗೆ ಹೋಗುವವಳು. "ಕಾಯ್ ಗ, ಮಾಸ್ತರ ನಿನ್ನ ವರ್ಗಾವಣೆ ಮಾಡಿದ್ನೇನ?" ಅಂದಳು. ಅವ್ವ ಅಂದಳು, "ಹೌದು, ಪ್ರಮೋಶನ್ ಮ್ಯಾಲೆ." ಇಬ್ಬರೂ ನಕ್ಕದ್ದು ನನಗೆ ಒಳಗೆ ಕೇಳಿಸಿತು.

ಏಪ್ರಿಲ್ ಎರಡನೆಯ ವಾರದಿಂದ ಸಾಲಿಗೆ ಸೂಟಿ. ನಾನು ಕಾರ್ಡಿಗೆ ಕಾವು ಹೊರಗೆ ಸಾಗಿಸುವ ಹೊಸ ಪೇಸ್ಟು ಹಚ್ಚಿಸಿಕೊಂಡು ಬಂದಿದ್ದೆ, ಕೋಣೆಯನ್ನು ಎರಡು ಸಲ ನೀರು ಹಾಕಿ ಒರೆಸಿದ್ದೆ. ಸಾಫ್ಟ್‌ವೇರಿನಲ್ಲಿ ಕಾರ್ಡಿನ ಫ್ಯಾನು ಪೂರ್ತಿ ವೇಗದಲ್ಲಿ ತಿರುಗುವಂತೆ ಮಾಡಿದೆ. ಅದರ ಸಪ್ಪಳ ಹಿಟ್ಟಿನ ಗಿರಣಿಯಂತೆ ಬರುತ್ತಿತ್ತು. ಟೇಬಲ್ ಫ್ಯಾನು ಬೇರೆ. ಸಪ್ಪಳ ತಡೆಯಲು ಕಿವಿಗೆ ಹೆಡ್‌ಫೋನು. ಪರದೆಯ ಮೂಲೆಯಲ್ಲಿ ಎಪ್ಪತ್ತೆರಡು, ಎಪ್ಪತ್ಮೂರು, ಎಪ್ಪತ್ನಾಲ್ಕು. ಅಲ್ಲಿಗೆ ನಿಂತಿತು. ನಾನು ಎದ್ದು ನಿಂತು ಒಬ್ಬನೇ ಚಪ್ಪಾಳೆ ಹೊಡೆದೆ. ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಾಗಲೂ ಹಾಗೆ ಮಾಡಿರಲಿಲ್ಲ.

ಹಿತ್ತಲಿನ ಪತ್ರಾಸು ಅವ್ವನ ತಲೆಯ ಮೇಲೆ ಒಂದೂವರೆ ಮೊಳ ಎತ್ತರದಲ್ಲಿತ್ತು. ಮೂರು ಕಡೆ ಗೋಡೆ. ಗಾಳಿ ಬರುತ್ತದೆ ಅಂತ ಆಕೆ ಅಂದದ್ದು ಸುಳ್ಳು. ನಾನು ಒಂದೊಂದು ಸಲ ಊಟಕ್ಕೆ ಕರೆಯಲು ಹೋದಾಗ ಒಂದು ನಿಮಿಷ ನಿಲ್ಲಲು ಆಗುತ್ತಿರಲಿಲ್ಲ, "ಬಾ ಬೇ ಲಗೂನ" ಅಂದು ಒಳಗೆ ಬರುತ್ತಿದ್ದೆ. ಎಲೆ ಸುತ್ತಿದ ಗೋಣಿಗೆ ಆಕೆ ತಾಸಿಗೊಮ್ಮೆ ನೀರು ಚಿಮುಕಿಸುತ್ತಿದ್ದಳು. ಆದರೂ ಎಲೆ ಒಣಗಿತು.

ಮೇ ತಿಂಗಳ ಮೊದಲ ವಾರ ಒಂದು ಸಂಜೆ ಆಕೆ ಕಾರ್ಖಾನೆಯಿಂದ ಬಂದು ಚೀಲವನ್ನು ಮೂಲೆಗೆ ಇಟ್ಟು ಒಲೆ ಹಚ್ಚಿದಳು. ಮಾವಶಿ ಬಾಗಿಲಲ್ಲಿ ನಿಂತು ಹೇಳಿದಳು. "ಛಾಟ ಬಂತೋ ನಿಮ್ಮವ್ವಗ ಇವತ್ತ. ಎಲಿ ಎಲ್ಲಾ ಸೀಳ್ಯಾವ. ಆ ಚೆಕ್ಕರ ಪೋರ ಅಂತಾನ, ಮುದುಕೀಗೆ ಇನ್ನ ಕೈ ಹತ್ತವಲ್ದು ಅಂತ. ಆಕಿ ತಲಿ ತಗ್ಗಿಸ್ಕೊಂಡ ಬಂದ್ಲು ನೋಡು."

ಅಂದು ನಾನು ತಿಳಿದುಕೊಳ್ಳಬೇಕಿತ್ತು. ಎಲೆ ಅಷ್ಟು ಒಣಗುವ ಜಾಗದಲ್ಲಿ ಮನುಷ್ಯರು ಒಣಗುವುದಿಲ್ಲವೇ? ನಾನು ಅಂದದ್ದು, "ಅವ್ವಾ, ಗೋಣಿಗೆ ಇನ್ನ ಸ್ವಲ್ಪ ನೀರ ಹಾಕು." ಆಕೆ "ಹೂಂ" ಅಂದಳು.

ಮರುದಿನದಿಂದ ತಂಬಿಗೆಯ ಜಾಗದಲ್ಲಿ ಕೊಡ ಬಂತು. ಆ ನೀರು ಆಕೆ ಕುಡಿಯಲಿಕ್ಕೆ ತುಂಬಿಕೊಂಡದ್ದಲ್ಲ, ಎಲೆಗೆ.

ಅದಾಗಿ ಒಂಬತ್ತು ಹತ್ತು ದಿನ ಕಳೆದಿರಬೇಕು. ಮಧ್ಯಾಹ್ನ ಊಟ ಮುಗಿಸಿ ನಾನು ಆಟಕ್ಕೆ ಕೂತೆ. ಮಳೆ ಬರುವ ಮೋಡದ ಸೆಕೆ ಇತ್ತು, ಗಾಳಿ ಇರಲಿಲ್ಲ. ಅವ್ವ ಅಂದು ಊಟಕ್ಕೆ ಅರ್ಧ ರೊಟ್ಟಿ ತಿಂದಿದ್ದಳು, ತಲೆ ಜಡ ಅಂದಿದ್ದಳು. "ಮಲ್ಕೋ ಬೇ" ಅಂದಿದ್ದೆ. "ಎರಡ ಕಟ್ಟು ಉಳದಾವ" ಅಂದು ಹಿತ್ತಲಿಗೆ ಹೋಗಿದ್ದಳು. ನಾನು ಎರಡು ತಾಸು ಆಡಿದೆ. ಕಷ್ಟದ ರೇಸು, ಎಷ್ಟೋ ದಿನದಿಂದ ಗೆಲ್ಲಲಾಗದ್ದನ್ನು ಅಂದು ಗೆದ್ದೆ. ಕಾರ್ಡು ಎಪ್ಪತ್ನಾಲ್ಕರಲ್ಲೇ ಇತ್ತು. ಹೆಡ್‌ಫೋನು ತೆಗೆದು, ನೀರು ಕುಡಿಯಲು ಅಡಿಗೆಮನೆಗೆ ಹೋದೆ. ಹಿತ್ತಲ ಬಾಗಿಲಿಂದ ಆಕೆಯ ಕಾಲು ಕಂಡವು. ಮಲಗಿದ್ದಾಳೆ ಅಂದುಕೊಂಡೆ. ಹಾಗೆ ಅಂದುಕೊಂಡು ನೀರು ಪೂರ್ತಿ ಕುಡಿದೆ.

ಹೋಗಿ ಮುಟ್ಟಿದರೆ ಮೈ ಕಾದ ಹೆಂಚು. ಬೆವರೇ ಇರಲಿಲ್ಲ. ಕಣ್ಣು ಅರ್ಧ ತೆರೆದಿದ್ದವು, ನನ್ನನ್ನು ನೋಡುತ್ತಿರಲಿಲ್ಲ. ಮೊರ ಮಗುಚಿ ತಂಬಾಕು ಚಾಪೆಯ ಮೇಲೆಲ್ಲ ಚೆಲ್ಲಿತ್ತು. ಒದ್ದೆ ಗೋಣಿ ಎಲೆಗಳ ಮೇಲೆ ಅಚ್ಚುಕಟ್ಟಾಗಿ ಹೊದಿಸಿದ ಹಾಗೇ ಇತ್ತು. ಕೊಡದಲ್ಲಿ ನೀರು ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ನಾನು ಆ ಕೊಡ ಎತ್ತಿ ಆಕೆಯ ಮೇಲೆ ಸುರಿದೆ. ಮಾವಶಿ ನನ್ನ ದನಿ ಕೇಳಿ ಓಡಿ ಬಂದಳು. ಓಣಿಯ ಒಂದು ರಿಕ್ಷಾದಲ್ಲಿ ದವಾಖಾನೆಗೆ ಒಯ್ದೆವು. ದಾರಿಯುದ್ದ ಮಾವಶಿ ಒದ್ದೆ ಸೆರಗಿನಿಂದ ಅವ್ವನ ಮುಖಕ್ಕೆ ಗಾಳಿ ಹಾಕುತ್ತಿದ್ದಳು.

"ಎಷ್ಟೊತ್ತಿನಿಂದ ಹಿಂಗ ಅದಾರ?" ಅಂತ ಡಾಕ್ಟರು ಕೇಳಿದರು.

ನನಗೆ ಗೊತ್ತಿರಲಿಲ್ಲ. ಎರಡು ತಾಸಿನೊಳಗೆ ಅಂದೆ. ಆಕೆಯ ಕಾವು ನೂರಾ ಆರು ಅಂತ ನರ್ಸಬಾಯಿ ಕೂಗಿ ಹೇಳಿದಳು. ನನ್ನ ತಲೆ ಅದನ್ನು ಸೆಲ್ಸಿಯಸ್ಸಿಗೆ ತಿರುಗಿಸಿತು, ನಾನು ಬೇಡ ಅಂದರೂ ಅದು ತಿರುಗಿಸುತ್ತದೆ. ನಲವತ್ತೊಂದರ ಮೇಲೆ. ನನ್ನ ಹಾಳೆಯಲ್ಲಿ ಅದು ಮಷೀನು ಸುಮ್ಮನಿದ್ದಾಗಿನ ಅಂಕಿ.

ಆಕೆ ಉಳಿದಳು. ಹನ್ನೆರಡು ದಿನ ಅಲ್ಲಿದ್ದೆವು. ಎದೆಯ ಫೋಟೋ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಏನ್ ಕೆಲಸ ಮಾಡ್ತಿದ್ರು?" ಅಂದರು. ಬೀಡಿ ಅಂದೆ. "ಮತ್ತ ನೀವು?" ಅಂದರು. "ಹೈಸ್ಕೂಲ ಟೀಚರ್ ಅದೀನ್ರಿ, ಸಾಯನ್ಸ್" ಅಂದೆ. ಅವರು ಫೋಟೋ ಕೆಳಗಿಟ್ಟರು. ಅಷ್ಟು ವರ್ಷ ಎದೆ ತಟ್ಟಿ ಹೇಳಿಕೊಂಡ ಮಾತು ಅಂದು ಬಾಯಲ್ಲಿ ಕಹಿಯಾಯಿತು. ಪುಪ್ಪುಸ ಮೊದಲೇ ಅರ್ಧ ಹೋಗಿತ್ತು. ಕಾವಿನ ಹೊಡೆತ ಮೆದುಳಿಗೂ ತಾಕಿತ್ತು. ನಡೆದರೆ ತೂರಾಡುತ್ತಿದ್ದಳು, ಕೈ ನಡುಗುತ್ತಿದ್ದವು, ಮಾತು ಎಳೆದೆಳೆದು ಬರುತ್ತಿತ್ತು. ಕಮ್ಮಿಯಾದರೆ ಆಗಬಹುದು, ಇಲ್ಲದಿದ್ದರೆ ಇಲ್ಲ ಅಂದರು.

ಮನೆಗೆ ಬಂದ ದಿನ ಮುಂದಿನ ಕೋಣೆಯಲ್ಲಿ ಆಕೆಗೆ ಹಾಸಿಗೆ ಹಾಕಿದೆ. ಟೇಬಲ್ ಫ್ಯಾನಿನ ಮುಖ ಆಕೆಯ ಕಡೆ ತಿರುಗಿಸಿದೆ. ಎರಡು ದಿನದ ಮೇಲೆ ಆಕೆ ಮೊರ ಕೇಳಿದಳು. ಬೇಡ ಅಂದೆ. ಹಟ ಹಿಡಿದಳು. ಮಾವಶಿ ತನ್ನ ಮನೆಯಿಂದ ನಾಲ್ಕು ಎಲೆ, ಒಂದು ಚಿಟಿಕೆ ತಂಬಾಕು ತಂದುಕೊಟ್ಟಳು. ಅವ್ವ ಎಲೆಯನ್ನು ಬೆರಳಿನ ಮೇಲೆ ಇಟ್ಟುಕೊಂಡಳು. ಪುಡಿ ಉದುರಿತು. ಮತ್ತೆ ಹಾಕಿದಳು. ಸುತ್ತು ಬಿಚ್ಚಿಕೊಂಡಿತು. ನಾಲ್ಕನೆಯ ಎಲೆಯೂ ಹರಿದಾಗ ಎಲ್ಲವನ್ನೂ ಮೊರದ ಒಂದು ಬದಿಗೆ ಸರಿಸಿ, "ಛಾಟ" ಅಂದಳು. ನಗಲು ನೋಡಿದಳು. ಮಾವಶಿ ಎದ್ದು ಹೋದಳು.

ನಾನು ಆ ಕಾರ್ಡನ್ನು ಬಿಚ್ಚಿ ಸ್ಟಾಫ್ ರೂಮಿನ ಒಬ್ಬರ ತಮ್ಮನಿಗೆ ಕೊಟ್ಟೆ. ಹಾಳೆಯನ್ನು ಗೋಡೆಯಿಂದ ಕಿತ್ತೆ. ಆಮೇಲೆ ಪ್ರಶ್ನೆಪತ್ರಿಕೆ ನಿಜವಾಗಿಯೂ ಟೈಪ್ ಮಾಡಿದೆ.

ಜೂನಿನಲ್ಲಿ ಸಾಲಿ ಶುರುವಾಗುವ ಮುಂಚೆ ಒಂದು ಮುಂಜಾನೆ ಮಾವಶಿ ಗೋಡೆಯ ಬಳಿ ನನ್ನನ್ನು ಕರೆದಳು. ಬಹಳ ದಿನದಿಂದ ಹೇಳಬೇಕು ಅಂತ ಇದ್ದಳೇನೋ, ಮುಖ ಬೇರೆ ಕಡೆ ಮಾಡಿ ಹೇಳಿದಳು.

"ಅವತ್ತ ನಿಮ್ಮವ್ವ ಕರದಿದ್ಲೋ. ತಮ್ಮಾ ಅಂತ, ಎರಡ ಸಲ. ನಾ ಭಾಂಡೆ ತಿಕ್ಕಾಕತ್ತಿದ್ದೆ. ನೀ ಮನ್ಯಾಗ ಅದಿಯಲ್ಲ, ಹೋಗಿರತಿ ಅಂತ ಸುಮ್ಮ ಇದ್ದೆ. ನಂದೂ ತಪ್ಪ ಐತಿ."

"ನಿಂದೇನಿಲ್ಲ ಮಾವಶಿ," ಅಂದೆ. ಅಡಿಗೆಮನೆ ದಾಟಿದರೆ ಹಿತ್ತಲು. ಹದಿನೈದು ಹೆಜ್ಜೆ. ಹೆಡ್‌ಫೋನು ಇಲ್ಲದ ದಿನಗಳಲ್ಲಿ ಆಕೆ ಅಲ್ಲಿಂದ ಮೆಲ್ಲಗೆ ಕೆಮ್ಮಿದರೂ ನನಗೆ ಕೇಳಿಸುತ್ತಿತ್ತು.

ಒಳಗೆ ಬಂದು ಅವ್ವನನ್ನು ಕೇಳಿದೆ. ಆಕೆ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು.

"ಅವ್ವಾ, ಅವತ್ತ ನನ್ನ ಕರದಿದ್ದೀ?"

"ಇಲ್ಲ."

"ಮಾವಶಿ ಕೇಳ್ಯಾಳಂತ."

"ಆಕಿಗೆ... ಕಿವಿ ಎಲ್ಲಿ... ಕೇಳಸ್ತಾವ?" ಅಂದಳು. ಒಂದೊಂದು ಶಬ್ದಕ್ಕೂ ನಿಲ್ಲಬೇಕಾಗುತ್ತಿತ್ತು ಆಕೆ. "ನಾ ಕರದಿಲ್ಲ. ಒಮ್ಮೆಲೇ ಕಣ್ಣಿಗೆ ಕತ್ತಲಿ ಬಂತು, ಬಿದ್ದೆ. ಕರ್ಯಾಕ ಎಲ್ಲಿ ಆಯ್ತು?"

ಮುಂದಿನ ವರ್ಷದಲ್ಲಿ ನಾನು ಆ ಪ್ರಶ್ನೆಯನ್ನು ಇನ್ನೂ ಎರಡು ಮೂರು ಸಲ ಕೇಳಿದ್ದೇನೆ. ಒಮ್ಮೆ ತಲೆಗೆ ಎಣ್ಣೆ ಹಚ್ಚುವಾಗ, ಒಮ್ಮೆ ಗಂಜಿ ಕುಡಿಸುವಾಗ, ಮಾತು ಬಂದ ಹಾಗೆ ಮಾಡಿ. ಪ್ರತಿ ಸಲವೂ ಅದೇ ಉತ್ತರ. ಕೊನೆಯ ಸಲ ಸಿಟ್ಟಿಗೆದ್ದಳು. "ಎಷ್ಟ ಸಲ ಕೇಳ್ತಿ? ಕರದಿಲ್ಲಂದ್ರ ಕರದಿಲ್ಲ. ಕರದಿದ್ರ ನೀ ಬರ್ತಿದ್ದಿಲ್ಲೇನು?"

ಆಮೇಲೆ ಕೇಳಲಿಲ್ಲ.

ಆಕೆ ತೀರಿಕೊಂಡದ್ದು ಮರುವರ್ಷದ ಮಳೆಗಾಲದಲ್ಲಿ, ಎದೆಯ ಬೇನೆಯಿಂದಲೇ. ಕಡೆಯ ಮೂರು ದಿನ ಗುರುತು ಹಿಡಿಯುತ್ತಿರಲಿಲ್ಲ. ನಾನು ಸಾಲಿಗೆ ರಜೆ ಹಾಕಿ ಹಾಸಿಗೆಯ ಬದಿಯಲ್ಲೇ ಕೂತಿದ್ದೆ. ಮನೆಯಲ್ಲಿ ಯಾವ ಸಪ್ಪಳವೂ ಇರಲಿಲ್ಲ, ಆಕೆಯ ಉಸಿರು ಎಳೆಯುವ ಸಪ್ಪಳ ಬಿಟ್ಟರೆ. ಎರಡನೆಯ ದಿನ ಮಧ್ಯಾಹ್ನ ಆಕೆ ಕಣ್ಣು ತೆರೆದಳು. ಒಂದು ಕೈ ನನ್ನ ಕೈಯಲ್ಲಿತ್ತು. ನನ್ನನ್ನು ನೋಡಲಿಲ್ಲ. ಕುತ್ತಿಗೆ ತಿರುಗಿಸಿ, ಕಂಪ್ಯೂಟರು ಇದ್ದ ಗೋಡೆಯ ಕಡೆ ಮುಖ ಮಾಡಿ, ದೂರದಲ್ಲಿ ಇರುವವರನ್ನು ಕರೆಯುವ ಹಾಗೆ ದನಿ ಎತ್ತಿ ಕರೆದಳು.

"ತಮ್ಮಾ."

"ಇಲ್ಲೇ ಅದೀನಿ ಬೇ," ಅಂದೆ.

ಸ್ವಲ್ಪ ತಡೆದಳು, ಯಾರಾದರೂ ಎದ್ದು ಬರುವ ಸಪ್ಪಳಕ್ಕೆ ಕಾಯುವವರು ತಡೆಯುವ ಹಾಗೆ. ಆಮೇಲೆ ಇನ್ನೊಂದು ಸಲ ಕರೆದಳು.